ಮೊದಲ ಕಾದಂಬರಿಯ ಅಳತೆಗೋಲು

ಮೊದಲ ಕಾದಂಬರಿಗೆ ಕೈಹಾಕಿದವರಿಗೆ ಇಂದು ಸುಲಭವಾಗಿ ದೊರೆಯುವ ಸಲಹೆಯೆಂದರೆ, ದಿನಕ್ಕೆ ಇಂತಿಷ್ಟು ಪದ ಬರೆದು ಲೆಕ್ಕವಿಡಬೇಕು ಎಂಬುದು. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಭಿಯಾನವೊಂದು ಒಂದೇ ತಿಂಗಳಲ್ಲಿ 50,000 ಪದಗಳೆಂಬ ಗುರಿಯನ್ನು ಹಲವು ದೇಶಗಳಿಗೆ ಹಬ್ಬಿಸಿತು. ಈ ಲೆಕ್ಕ ನಿರುಪಯುಕ್ತವೇನಲ್ಲ. ಆದರೆ ಅದು ಅಳೆಯುವುದು ಬರೆಯುವವರ ಶ್ರಮವನ್ನು, ಕೃತಿಯ ಬೆಳವಣಿಗೆಯನ್ನಲ್ಲ. ಈ ಭೇದವನ್ನು ಮರೆತವರಿಗೆ ಸಂಖ್ಯೆ ಕುಸಿದ ದಿನವೇ ಉತ್ಸಾಹವೂ ಕುಸಿಯುತ್ತದೆ. ಕಾದಂಬರಿ ಅರ್ಧಕ್ಕೆ ನಿಲ್ಲುತ್ತದೆ.

ಎಣಿಕೆ ನಮ್ಮ ಪರಂಪರೆಗೆ ಹೊಸದಲ್ಲ. ಹಸ್ತಪ್ರತಿಗಳ ಲೋಕದಲ್ಲಿ 32 ಅಕ್ಷರಗಳನ್ನು ಒಂದು ಶ್ಲೋಕವೆಂದು, ‘ಗ್ರಂಥ’ವೆಂದು ಹಿಡಿದು ಗದ್ಯವನ್ನೂ ಅದೇ ಮಾನದಿಂದ ಅಳೆಯುತ್ತಿದ್ದರು. ಜಯಧವಲಾ ಟೀಕೆಯು 60,000 ಶ್ಲೋಕ ಪ್ರಮಾಣದ್ದು, ಅದರಲ್ಲಿ 20,000 ವೀರಸೇನರದು, ಉಳಿದುದು ಶಿಷ್ಯ ಜಿನಸೇನರದು ಎಂಬ ಮಾತಿಗೆ ಈ ಮಾನವೇ ಆಧಾರ. ಗುರುವಿನ ಕೃತಿಯನ್ನು ಕೈಗೆತ್ತಿಕೊಂಡ ಜಿನಸೇನರು ಮುಂದುವರಿಸಿದ್ದು ಸಂಖ್ಯೆಯನ್ನಲ್ಲ, ವ್ಯಾಖ್ಯಾನದ ದಾರಿಯನ್ನು. ಪಂಪನೂ ಆದಿಪುರಾಣ ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯ ಆರು ತಿಂಗಳಲ್ಲಿ ಮುಗಿಯಿತೆಂದು ಹೇಳಿಕೊಂಡಿದ್ದಾನೆ. ಅದು ಕೃತಿ ಪೂರ್ಣಗೊಂಡ ಮೇಲಿನ ಮಾತು. ಅದರ ಹಿಂದಿನ ವ್ಯಾಸಂಗದ ವರ್ಷಗಳು ಆ ಲೆಕ್ಕಕ್ಕೆ ಸೇರಿಲ್ಲ. ಹಿಂದಿನವರು ಮುಗಿದುದನ್ನು ಎಣಿಸಿದರು. ಇಂದಿನವರು ಇನ್ನೂ ರೂಪುಗೊಳ್ಳದುದನ್ನು ಎಣಿಸುತ್ತಿದ್ದಾರೆ.

ದಿನದ ಲೆಕ್ಕದಿಂದ ಗೆದ್ದವರಿಲ್ಲವೇ ಎಂಬ ಪ್ರಶ್ನೆ ಏಳಬಹುದು. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿದ್ದ ಆಂಥೊನಿ ಟ್ರೊಲೋಪ್ ಕಾಲು ಗಂಟೆಗೆ 250 ಪದಗಳಂತೆ ಬರೆದು, ಪುಟಗಳ ಸಂಖ್ಯೆಯನ್ನು ದಿನಚರಿಯಲ್ಲಿ ದಾಖಲಿಸುತ್ತಿದ್ದುದನ್ನು 1883ರಲ್ಲಿ ಪ್ರಕಟವಾದ ಅವನ ಆತ್ಮಕಥೆ ತಿಳಿಸುತ್ತದೆ. ಆದರೆ ಇದು ಕಸುಬು ಕೈಗೆ ಹತ್ತಿದವರಿಗೆ ಒಗ್ಗುವ ಕ್ರಮ. ಮೊದಲ ಕಾದಂಬರಿಕಾರನಿಗೆ ತಾನು ಬರೆಯಹೊರಟಿರುವುದು ಏನೆಂಬುದೇ ಬರೆಯುತ್ತ ತಿಳಿಯಬೇಕಾಗಿರುತ್ತದೆ.

ಮಾಲೂರು ತಾಲ್ಲೂಕಿನ ಮಾಸ್ತಿಯವರೂ ಸರ್ಕಾರಿ ಅಧಿಕಾರಿಯೇ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದಾಗಲೇ 1920ರಲ್ಲಿ ಸಣ್ಣ ಕಥೆಗಳ ಸಂಕಲನ, 1928ರಲ್ಲಿ ನೀಳ್ಗತೆ ‘ಸುಬ್ಬಣ್ಣ’ ಪ್ರಕಟವಾದವು. ‘ಚನ್ನಬಸವನಾಯಕ’ ಬಂದುದು ಆ ಸೇವೆಯಿಂದ ಬಿಡುಗಡೆಯಾದ ಮೇಲೆ. 1983ರ ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ 1956ರದು. ನಡುವಿನ ಕಾಲವನ್ನು ವಿಳಂಬವೆನ್ನಲಾಗದು. ಒಂದೊಂದು ಕಥೆಯನ್ನೂ ಮುಗಿಸಿದ ಅನುಭವ ದೊಡ್ಡ ಕೃತಿಗೆ ಬುನಾದಿಯಾಯಿತು. ಮುಳಬಾಗಿಲಿನ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳು ಕಾದಂಬರಿಯಲ್ಲವಾದರೂ ಅದೇ ಪಾಠವನ್ನು ಹೇಳುತ್ತವೆ: ಬಿಡಿಯಾಗಿ ಪೂರ್ಣವಾದ ಘಟಕಗಳಿಂದಲೇ ಇಡಿಯು ಬೆಳೆಯುತ್ತದೆ.

ಕೋಲಾರದ ಸೀಮೆಯ ಹೊಸ ಬರಹಗಾರರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಓದು ಕನ್ನಡ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ನಡೆಯುವ ಕಥೆಯೊಂದನ್ನು ಊಹಿಸೋಣ. ಅಜ್ಜಿ ಶಿಷ್ಟ ಕನ್ನಡದಲ್ಲಿ ಆಡಿದರೆ ಆ ಮನೆ ಸುಳ್ಳಾಗುತ್ತದೆ. ಪೂರ್ತಿ ತೆಲುಗಿನಲ್ಲಿ ಆಡಿದರೆ ಓದುಗ ಹೊರಗುಳಿಯುತ್ತಾನೆ. ಎರಡೂ ಬೆರೆತ ನುಡಿಯ ಹದ ಸಿಕ್ಕಿದ ದಿನ, ಹಿಂದೆ ಬರೆದ ಹತ್ತು ಪುಟಗಳನ್ನು ಹೊಡೆದುಹಾಕಬೇಕಾದೀತು. ಪದಗಳ ಲೆಕ್ಕದಲ್ಲಿ ಅದು ನಷ್ಟದ ದಿನ. ಕಾದಂಬರಿಯ ಮಟ್ಟಿಗೆ ಅಂದಿನಷ್ಟು ಲಾಭದ ದಿನ ಮತ್ತೊಂದಿಲ್ಲ. ಯಾವ ಅಂಕಿಯೂ ಇದನ್ನು ತೋರಿಸದು.

ಆದ್ದರಿಂದ ಲೆಕ್ಕದ ಪುಸ್ತಕವನ್ನು ಬಿಡಬೇಕಾಗಿಲ್ಲ, ಅದರ ಅಂಕಣಗಳನ್ನು ಬದಲಿಸಬೇಕು. ಬರೆಯಲು ಕುಳಿತ ದಿನಗಳನ್ನು ಗುರುತು ಹಾಕುವುದು ಶಿಸ್ತಿಗೆ ಸಾಕು. ಅದರ ಪಕ್ಕದಲ್ಲಿ ಅಂದು ಪಾತ್ರದ ಬಗೆಗೆ ಹೊಸದಾಗಿ ತಿಳಿದುದನ್ನು, ಬಿಟ್ಟುಕೊಟ್ಟುದನ್ನು, ನಾಳೆಗೆ ಉಳಿದ ಪ್ರಶ್ನೆಯನ್ನು ಒಂದೊಂದು ವಾಕ್ಯದಲ್ಲಿ ಬರೆದಿಡಬೇಕು. ಉಳಿದ ಪ್ರಶ್ನೆಯೇ ಮರುದಿನ ಮೇಜಿನ ಬಳಿಗೆ ಕರೆತರುತ್ತದೆ. ಅಧ್ಯಾಯವೊಂದು ತನ್ನಷ್ಟಕ್ಕೆ ನಿಲ್ಲುವಂತಾದಾಗ ಅದನ್ನು ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ‘ಮುಂದೇನಾಯಿತು’ ಎಂದು ವಿಚಾರಿಸಿದರೆ ಕೃತಿ ಮುಂದೆ ಸಾಗಿದೆಯೆಂದು ತಿಳಿಯಬಹುದು.