ಅಬ್ಬಾಗೆ ನಿಜ ಹೇಳಿ, ಆಮೇಲೆ ಪ್ರೊಸೆಸರ್ ಆರಿಸಿ

ಮನೆಯಲ್ಲಿ ಕಂಪ್ಯೂಟರ್ ಕೇಳುವಾಗ ನಾವೆಲ್ಲ ಹೇಳುವ ಸುಳ್ಳು ಒಂದೇ: "ಓದಿಗೆ ಬೇಕು, ಟ್ಯಾಲಿ ಕಲಿಯಬೇಕು." ನಾನೂ ಅದನ್ನೇ ಹೇಳಿದ್ದೆ. "ಟ್ಯಾಲಿಗೆ ಇಷ್ಟು ದುಡ್ಡಿನದು ಬೇಕಾ?" ಎಂದು ಅಬ್ಬಾ ಕೇಳಿದರು. ಬೇಡ. ಬೆಂಗಳೂರಿನ ಕಂಪನಿಯ ಆ ಸಾಫ್ಟ್‌ವೇರ್ ಸಾಧಾರಣ ಕಂಪ್ಯೂಟರ್‌ನಲ್ಲೂ ಆರಾಮಾಗಿ ನಡೆಯುತ್ತದೆ. ನನಗೆ ಬೇಕಿದ್ದುದು ಗೇಮ್. ಎರಡು ದಿನ ಬಿಟ್ಟು ಅದನ್ನು ಒಪ್ಪಿಕೊಂಡೆ. ಬೈಗುಳ ತಿಂದೆ. ಆದರೆ ಯಾವ ಪ್ರೊಸೆಸರ್ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗತೊಡಗಿದ್ದೂ ಅಂದಿನಿಂದಲೇ.

ಮೊದಲ ಸಲ ಕಂಪ್ಯೂಟರ್ ಜೋಡಿಸುವವರು ಅತಿ ದೊಡ್ಡ ಪ್ರೊಸೆಸರ್ ಕೊಳ್ಳಬಾರದು, ತಮ್ಮ ಪೂರ್ತಿ ಲೆಕ್ಕಕ್ಕೆ ಹೊಂದುವುದನ್ನು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಖಾಲಾನ ಮಗನಿಗೆ ಆದದ್ದನ್ನು ಕೇಳಿ. ಕಡಿಮೆ ಬೆಲೆಗೆ ಸಿಕ್ಕಿತೆಂದು ಇಂಟೆಲ್ ಐ5-12400ಎಫ್ ತರಿಸಿದ. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ಕೊಂಡರಾಯಿತು ಎಂದುಕೊಂಡಿದ್ದ. ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಎಎಂಡಿಯ ರೈಜನ್ 5000 ಸಾಲಿನಲ್ಲಿ ಇದು ಉಲ್ಟಾ: ಸಂಖ್ಯೆಯ ನಂತರ ಜಿ ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹೋಗಿ ಕೇಳಿ, ನೋಡಿ ತರಬಹುದು. ಶಿವಯೋಗ ಮಂದಿರದಲ್ಲಿರುವ ನಾನು ಕೊರಿಯರ್‌ನಲ್ಲೇ ತರಿಸಬೇಕು. ನನ್ನಂಥವರಿಗೆ ಒಂದು ಅಕ್ಷರದ ತಪ್ಪೂ ದುಬಾರಿ.

ಹಾಗಾದರೆ ಯಾವುದು? ಕಾರ್ಡಿಗೂ ಈಗಲೇ ಹಣವಿದ್ದರೆ 12400ಎಫ್ ಅಥವಾ ರೈಜನ್ 5 5600 ಒಳ್ಳೆಯವು. ಎರಡರಲ್ಲೂ 6 ಕೋರ್, 12 ಥ್ರೆಡ್. ಹಣ ಇನ್ನೂ ಕಡಿಮೆಯಿದ್ದರೆ 4 ಕೋರಿನ ಐ3-12100ಎಫ್ ಇದೆ. ಕಾರ್ಡಿಗೆ ಹಣವಿಲ್ಲದ ನನ್ನಂಥವರಿಗೆ ರೈಜನ್ 5 5600ಜಿ. ಇದರಲ್ಲೂ 6 ಕೋರ್‌ಗಳಿವೆ, ಜೊತೆಗೆ ಒಳಗೇ ಗ್ರಾಫಿಕ್ಸ್ ಇದೆ. ವ್ಯಾಲರಂಟ್ ಸಲೀಸಾಗಿ ನಡೆಯುತ್ತದೆ, ಜಿಟಿಎ 5 ಸೆಟ್ಟಿಂಗ್ ಇಳಿಸಿದರೆ ನಡೆಯುತ್ತದೆ. ಇದರ ಕೊರತೆಯನ್ನೂ ಹೇಳಬೇಕು: 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ ಇದರಲ್ಲಿ 16 ಎಂಬಿ. ಮುಂದೆ ಕಾರ್ಡ್ ಹಾಕಿದಾಗ ಇದು 5600ಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಇನ್ನೊಂದು ಮಾತು. ಒಳಗಿನ ಗ್ರಾಫಿಕ್ಸ್ ರ‍್ಯಾಮ್‌ನ ಜಾಗವನ್ನೇ ಬಳಸುತ್ತದೆ. ಆದ್ದರಿಂದ 16 ಜಿಬಿಯ ಒಂದು ಕಡ್ಡಿ ಬೇಡ, 8 ಜಿಬಿಯ ಎರಡು ಹಾಕಿ. ವೇಗದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

"ಈಗಲೇ ದೊಡ್ಡದು ತಗೊಂಡುಬಿಡು, ಹತ್ತು ವರ್ಷ ಚಿಂತೆಯಿಲ್ಲ" ಎನ್ನುವ ಗೆಳೆಯರಿದ್ದಾರೆ. ಅವರಿಗೆ ನನ್ನ ಉತ್ತರ ಎರಡು. ಬನಶಂಕರಿ ಜಾತ್ರೆಯ ದನದ ಸಂತೆಯಲ್ಲಿ ರೈತರು ಜೋಡಿ ನೋಡಿ ಎತ್ತು ಕೊಳ್ಳುತ್ತಾರೆ. ಒಂದು ಬಲವಾಗಿದ್ದು ಇನ್ನೊಂದು ಸೊರಗಿದ್ದರೆ ನೊಗ ಓರೆಯಾಗುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಕತೆಯೂ ಅದೇ. ಒಂದರ ಮೇಲೆ ಹಣ ಸುರಿದು ಇನ್ನೊಂದನ್ನು ಉಪವಾಸ ಕೆಡವಿದರೆ ಗೇಮ್ ನಿಂತು ನಿಂತು ಓಡುತ್ತದೆ.

ಎರಡನೆಯದು ನಮ್ಮ ಅಕೌಂಟೆನ್ಸಿ ಪುಸ್ತಕದ ಪಾಠ, ಸವಕಳಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಪೀಠೋಪಕರಣಕ್ಕೆ ವರ್ಷಕ್ಕೆ ಶೇ. 10 ಸವಕಳಿ, ಕಂಪ್ಯೂಟರ್‌ಗೆ ಶೇ. 40. ಆ ಲೆಕ್ಕದಲ್ಲಿ 20,000 ರೂಪಾಯಿಯ ವಸ್ತು ಎರಡು ವರ್ಷಕ್ಕೆ 7,200ಕ್ಕೆ ಇಳಿಯುತ್ತದೆ. ಇಂದು ಬಳಸದ ಶಕ್ತಿಗೆ ಇಂದೇ ಹಣ ಕೊಡುವುದು ನಮ್ಮ ಮನೆಗಳಲ್ಲಿ ಹೇಳುವ ಫಿಜೂಲ್ ಖರ್ಚು.

ಪ್ರೊಸೆಸರ್ ಬೆಲೆಯೊಂದನ್ನೇ ನೋಡಿದರೂ ಮೋಸ ಹೋಗುತ್ತೇವೆ. ಅದರ ಹಿಂದೆ ಮದರ್‌ಬೋರ್ಡ್, ರ‍್ಯಾಮ್ ಬರುತ್ತವೆ. 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್‌ಗೆ ಮುಂದೆ ಹೊಸ ಪ್ರೊಸೆಸರ್ ಹಾಕಬಹುದು, ನಿಜ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಹೇಗೆ ಏರಿತೆಂದು ಕೊಂಡವರಿಗೆ ಗೊತ್ತು. 5600ಜಿ ಕೂರುವುದು ಹಳೆಯ ಎಎಂ4 ಸಾಕೆಟ್‌ನಲ್ಲಿ. ಅದಕ್ಕೆ ಡಿಡಿಆರ್4 ಸಾಕು. ಮನೆಯಲ್ಲಿ, ನೆಂಟರಲ್ಲಿ ಹಳೆಯ ಕಡ್ಡಿ ಇದ್ದರೆ ಅದೂ ಆದೀತು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಮೇಲೆ "ಗೇಮ್ ಆಡಲು" ಎಂದೇ ಶೀರ್ಷಿಕೆ ಕೊಟ್ಟು ಅಬ್ಬಾನ ಮುಂದಿಟ್ಟೆ. ಅವರಿಗೆ ಕೋರ್, ಥ್ರೆಡ್ ತಿಳಿಯದು, ಲೆಕ್ಕ ತಿಳಿಯುತ್ತದೆ. ಬಣ್ಣದ ದೀಪದ ಕ್ಯಾಬಿನೆಟ್ ಎಂಬ ಸಾಲನ್ನು ಹೊಡೆದು ಹಾಕಿದರು. ನಾನು ಮರೆತಿದ್ದ ಯುಪಿಎಸ್ ಅನ್ನು ತಾವೇ ಸೇರಿಸಿದರು. ನಮ್ಮ ಕಡೆಯ ಕರೆಂಟ್ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅರ್ಧ ಹಣ ಅವರದು, ಉಳಿದರ್ಧ ರಜೆಯಲ್ಲಿ ದುಡಿದು ನಾನು ಹಾಕಬೇಕು, ಅದೂ ಪರೀಕ್ಷೆ ಮುಗಿದ ಮೇಲೆ. ಓದಿನ ನೆಪ ಹಿಡಿದುಕೊಂಡೇ ಇದ್ದಿದ್ದರೆ ಇದೂ ಸಿಗುತ್ತಿರಲಿಲ್ಲ.

ಗೆಳೆಯರೇ, ನಿಮ್ಮಲ್ಲೂ ಅಂಥ ಪಟ್ಟಿ ಇದ್ದರೆ ಹಣ ಕೊಡುವ ಮುಂಚೆ ಮಧ್ಯಾಹ್ನದ ಬಿಡುವಿನಲ್ಲಿ ತನ್ನಿ, ಕೂತು ನೋಡೋಣ. ಮೊದಲು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡೋಣ.