ಗೆದ್ದೆವು, ಸೋತರು

2022ರ ಏಪ್ರಿಲ್ 2ರ ರಾತ್ರಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಡ್ಯೂಕ್ ವಿಶ್ವವಿದ್ಯಾಲಯದ ತಂಡವನ್ನು 81–77 ಅಂಕಗಳಿಂದ ಸೋಲಿಸಿತು. ಅದು ರಾಷ್ಟ್ರೀಯ ಕಾಲೇಜು ಟೂರ್ನಿಯ ಸೆಮಿಫೈನಲ್. ನಮ್ಮಲ್ಲಿ ಆಗ ಭಾನುವಾರದ ಬೆಳಗ್ಗೆ; ಯುಗಾದಿಯ ಮರುದಿನ, ಹೊಸತೊಡಕು. ಪಂದ್ಯ ಮುಗಿದ ಕೂಡಲೇ ಅಕ್ಕನ ಮಗನ ಫೋನ್ ಬಂತು. ‘ಮಾವಾ, ಗೆದ್ವಿ!’ ಎಂದ. ನಾನೂ ‘ಗೆದ್ವಿ ಕಣೋ!’ ಎಂದೆ.

ನಾನು ಬೋಧನಶಾಸ್ತ್ರ ಕಲಿಸುವವನು. ಆ ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ, ಬ್ಯಾಸ್ಕೆಟ್‌ಬಾಲ್ ಆಡಿದವನೂ ಅಲ್ಲ. ಅಕ್ಕ–ಭಾವ ಕೆಲಸದ ಮೇಲೆ ಆ ಸೀಮೆಗೆ ಹೋಗಿ ನೆಲೆಸಿದರು. ಅವರ ಮಗ ಚಾಪೆಲ್ ಹಿಲ್‌ನಲ್ಲಿ ಓದಿದ. ಅವನಿಂದ ಈ ಗೀಳು ನನಗೆ ಅಂಟಿತು. ಎರಡು ವಿಶ್ವವಿದ್ಯಾಲಯಗಳ ನಡುವಿನ ದೂರ ಸುಮಾರು 16 ಕಿಲೋಮೀಟರ್ ಮಾತ್ರ. ನಾರ್ತ್ ಕ್ಯಾರೊಲೈನಾದ್ದು ತಿಳಿನೀಲಿ ಬಣ್ಣ, ಡ್ಯೂಕ್‌ನದು ಕಡುನೀಲಿ. ತಲೆಮಾರುಗಳಿಂದ ಸೆಣಸುತ್ತ ಬಂದಿದ್ದರೂ ರಾಷ್ಟ್ರೀಯ ಟೂರ್ನಿಯಲ್ಲಿ ಅವು ಎದುರುಬದುರಾದದ್ದು ಅದೇ ಮೊದಲು. ಡ್ಯೂಕ್ ತಂಡವನ್ನು 42 ವರ್ಷ ನಡೆಸಿದ್ದ ಮೈಕ್ ಶಶೆಫ್‌ಸ್ಕಿ ಆ ಸಾಲಿನ ಕೊನೆಗೆ ನಿವೃತ್ತರಾಗುವವರಿದ್ದರು; ಸೋತರೆ ಅದೇ ಅವರ ಕಡೆಯ ಪಂದ್ಯ. ಇತ್ತ ಹ್ಯೂಬರ್ಟ್ ಡೇವಿಸ್‌ಗೆ ಮುಖ್ಯ ತರಬೇತುದಾರರಾಗಿ ಮೊದಲನೆಯ ವರ್ಷ. ಇನ್ನು 25 ಸೆಕೆಂಡು ಇದೆ ಎನ್ನುವಾಗ ಕೇಲೆಬ್ ಲವ್ ಮೂರಂಕದ ಗೆರೆಯಾಚೆಯಿಂದ ಎಸೆದ ಚೆಂಡು ನೇರ ಬುಟ್ಟಿಗೆ ಬಿತ್ತು. ಚಾಪೆಲ್ ಹಿಲ್‌ನ ಫ್ರಾಂಕ್ಲಿನ್ ಬೀದಿಯಲ್ಲಿ ಆ ರಾತ್ರಿ ಕಾಲಿಡಲು ಜಾಗವಿರಲಿಲ್ಲ.

ಇಷ್ಟು ಹಿಗ್ಗಿನ ನಡುವೆ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಆ ಒಂದು ಕ್ರಿಯಾಪದ. ‘ಗೆದ್ದೆವು’. ಕನ್ನಡದಲ್ಲಿ ‘ನಾವು’ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಕ್ರಿಯಾಪದದ ಬಾಲದಲ್ಲೇ ‘ನಾವು’ ಕೂತಿರುತ್ತದೆ. ಬೆವರು ಹರಿಸಿದವರು ಅಂಕಣದಲ್ಲಿದ್ದ ಹುಡುಗರು; ಸೋಫಾದ ಮೇಲಿದ್ದವನು ಒಂದು ಪ್ರತ್ಯಯದ ಬಲದಿಂದ ಅವರ ಜೊತೆ ಸೇರಿಕೊಳ್ಳುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಅಭಿಮಾನ ಎಂದರೇ ಅದು. ಆದರೆ ಸೋತ ದಿನ ಅದೇ ಬಾಯಿ ‘ಸೋತೆವು’ ಎನ್ನುತ್ತದೆಯೋ, ‘ಸೋತರು’ ಎನ್ನುತ್ತದೆಯೋ? ಅಭಿಮಾನಕ್ಕೆ ಪರೀಕ್ಷೆ ಅಲ್ಲಿದೆ. ಶಿಕ್ಷಕ ವೃತ್ತಿಗೂ ಅಲ್ಲೇ ಇದೆ ಎಂಬುದು ಈ ಲೇಖನದ ವಾದ.

ಇದನ್ನು ಅಳೆದು ನೋಡಿದವರಿದ್ದಾರೆ. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರ ಅಧ್ಯಯನವೊಂದು 1976ರಲ್ಲಿ ಪ್ರಕಟವಾಯಿತು. ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ, ಶನಿವಾರದ ಫುಟ್‌ಬಾಲ್ ಪಂದ್ಯ ಕಳೆದು ಬರುವ ಸೋಮವಾರ, ವಿದ್ಯಾರ್ಥಿಗಳು ತೊಟ್ಟ ಉಡುಪನ್ನು ಗಮನಿಸಿದರು. ತಂಡ ಗೆದ್ದಿದ್ದರೆ ವಿಶ್ವವಿದ್ಯಾಲಯದ ಹೆಸರು, ಲಾಂಛನ ಇರುವ ಬಟ್ಟೆ ಹೆಚ್ಚು ಕಂಡವು. ಮುಂದೆ ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದಾಗ, ಗೆದ್ದ ಪಂದ್ಯವನ್ನು ವಿವರಿಸುವಾಗ ‘ನಾವು’ ಹೆಚ್ಚು ಬಂತು. ಗೆಲ್ಲದ ಪಂದ್ಯಕ್ಕೆ ಕಡಿಮೆ. ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಪಂದ್ಯದ ಮಾತಿಗೆ ಮೊದಲು ಒಂದು ಚಿಕ್ಕ ಪ್ರಶ್ನಾವಳಿ ಕೊಟ್ಟು, ಕೆಲವರಿಗೆ ‘ನೀವು ಚೆನ್ನಾಗಿ ಮಾಡಲಿಲ್ಲ’ ಎಂದು ಹೇಳಿದ್ದರು. ಗೆದ್ದಾಗ ಸೇರಿಕೊಳ್ಳುವ, ಇಲ್ಲದಿದ್ದಾಗ ದೂರ ಸರಿಯುವ ಈ ಒಲವು ಹಾಗೆ ಹೇಳಿಸಿಕೊಂಡವರಲ್ಲೇ ಹೆಚ್ಚು ಎದ್ದು ಕಂಡಿತು. ತನ್ನ ಮೇಲೆ ತನಗೆ ನಂಬಿಕೆ ಅಲುಗಾಡಿದಾಗ ಮನುಷ್ಯ ಗೆದ್ದವರ ಪಕ್ಕಕ್ಕೆ ಸರಿಯುತ್ತಾನೆ, ಸೋತವರಿಂದ ಜಾರಿಕೊಳ್ಳುತ್ತಾನೆ.

ತರಗತಿಯ ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತು ಬರೆದುಕೊಳ್ಳುತ್ತಿರುವಾಗ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಿಂತ ನಂಬಿಕೆ ಅಲುಗಾಡಿದ ಮನುಷ್ಯ ಇನ್ನಾರಿದ್ದಾರೆ? ಬೋಧನಾಭ್ಯಾಸದ ದಾಖಲೆ ಪುಸ್ತಕಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಪಾಠ ಫಲಿಸಿದ ದಿನದ ಟಿಪ್ಪಣಿ: ‘ಉದ್ದೇಶಗಳನ್ನು ಸಾಧಿಸಿದೆ.’ ಫಲಿಸದ ದಿನದ ಟಿಪ್ಪಣಿ: ‘ಮಕ್ಕಳು ಗಮನ ಕೊಡಲಿಲ್ಲ, ಪೂರ್ವಜ್ಞಾನ ಇರಲಿಲ್ಲ.’ ಮೊದಲನೆಯದರಲ್ಲಿ ‘ನಾನು’ ಬಾಲದಲ್ಲೇ ಇದ್ದೇನೆ. ಎರಡನೆಯದರಲ್ಲಿ ನನ್ನ ಸುಳಿವೇ ಇಲ್ಲ. ‘ಅರ್ಥವಾಗಲಿಲ್ಲ’, ‘ಆಗಲಿಲ್ಲ’ ಎನ್ನುವಾಗ ನಮ್ಮ ‘ಇಲ್ಲ’ ಯಾರನ್ನೂ ಹೆಸರಿಸದು. ಅದರ ಮರೆಯಲ್ಲಿ ಯಾರು ಬೇಕಾದರೂ ನಿಲ್ಲಬಹುದು.

ಇದು ವ್ಯಾಕರಣದ ಚರ್ಚೆಯಷ್ಟೇ ಆಗಿದ್ದರೆ ಈ ಪತ್ರಿಕೆಯ ಪುಟ ವ್ಯರ್ಥ ಮಾಡುತ್ತಿರಲಿಲ್ಲ. ಬೋಧನಾಭ್ಯಾಸದಲ್ಲಿ ಹಿಡಿದ ರೂಢಿ ಮೂವತ್ತು ವರ್ಷದ ಸೇವೆಗೆ ಜೊತೆಯಾಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ಶಾಲೆಗಳ ಗೇಟಿನ ಮೇಲೆ ಫ್ಲೆಕ್ಸ್ ಏರುತ್ತದೆ. ಅಗ್ರಸ್ಥಾನ ಪಡೆದ ಹುಡುಗಿ ‘ನಮ್ಮ ವಿದ್ಯಾರ್ಥಿನಿ’. ನಪಾಸಾದ ಹುಡುಗ ‘ಅವನು, ಶಾಲೆಗೇ ಬರುತ್ತಿರಲಿಲ್ಲ’. ಶೇಕಡಾ ನೂರರ ಆಸೆಗೆ ಬಿದ್ದ ಶಾಲೆ ಹಿಂದುಳಿದ ಮಗುವನ್ನು ಪರೀಕ್ಷೆಗೆ ಮೊದಲೇ ಪಟ್ಟಿಯಿಂದ ಹೊರಗಿಡಲು ದಾರಿ ಹುಡುಕುತ್ತದೆ. ‘ಸೋತರು’ ಎಂಬ ಮಾತು ಅಲ್ಲಿ ಬರೀ ಮಾತಾಗಿ ಉಳಿಯುವುದಿಲ್ಲ. ಒಂದು ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕುತ್ತದೆ.

ಮತ್ತೆ ಚಾಪೆಲ್ ಹಿಲ್‌ಗೆ ಬರುತ್ತೇನೆ. ಅಲ್ಲಿ ಡೀನ್ ಸ್ಮಿತ್ ಎಂಬ ತರಬೇತುದಾರರಿದ್ದರು. 1961ರಿಂದ 1997ರವರೆಗೆ ತಂಡ ನಡೆಸಿದವರು. ತಂದೆ ತಾಯಿ ಇಬ್ಬರೂ ಶಾಲಾ ಶಿಕ್ಷಕರು. ಸ್ವತಃ ಗಣಿತ ಓದಿದವರು. 1965ರ ಜನವರಿಯಲ್ಲಿ ತಂಡ ಒಂದು ಪಂದ್ಯದಲ್ಲಿ ಹೀನಾಯವಾಗಿ ಸೋತು ಬಸ್ಸಿನಲ್ಲಿ ಹಿಂದಿರುಗಿದಾಗ, ಕ್ಯಾಂಪಸ್ಸಿನಲ್ಲಿ ಸ್ಮಿತ್‌ರ ಪ್ರತಿಕೃತಿ ನೇತಾಡುತ್ತಿತ್ತು. ನೇಣು ಹಾಕಿದವರು ಸ್ವಂತ ವಿದ್ಯಾರ್ಥಿಗಳೇ. ಬಿಲ್ಲಿ ಕನಿಂಗ್‌ಹ್ಯಾಮ್ ಎಂಬ ಆಟಗಾರ ಬಸ್ಸಿಳಿದು ಹೋಗಿ ಅದನ್ನು ಕಿತ್ತು ಹಾಕಿದ. ಅದರ ಮುಂದಿನ ಪಂದ್ಯದಲ್ಲೇ ತಂಡ ಡ್ಯೂಕ್‌ನ ಅಂಕಣಕ್ಕೆ ಹೋಗಿ ಡ್ಯೂಕ್ ಅನ್ನು ಸೋಲಿಸಿತು. 1986ರಲ್ಲಿ ಹೊಸ ಕ್ರೀಡಾಂಗಣ ಎದ್ದಾಗ ಅದಕ್ಕೆ ಇಟ್ಟದ್ದು ಅದೇ ಡೀನ್ ಸ್ಮಿತ್‌ರ ಹೆಸರು. ಪ್ರತಿಕೃತಿ ‘ಸೋತರು’ ಎನ್ನುವವರ ಕೆಲಸ. ಅದನ್ನು ಕಿತ್ತ ಕೈ ‘ಸೋತೆವು’ ಎನ್ನುವವನದು.

ಸ್ಮಿತ್ ತಮ್ಮ ಹುಡುಗರಿಗೆ ಒಂದು ಪದ್ಧತಿ ಕಲಿಸಿದ್ದರು. ಬುಟ್ಟಿಗೆ ಚೆಂಡು ಹಾಕಿದವನು ತನ್ನ ಎದೆ ತಟ್ಟಿಕೊಳ್ಳಬಾರದು. ತನಗೆ ಚೆಂಡು ಪಾಸ್ ಮಾಡಿದವನತ್ತ ಬೆರಳು ತೋರಿಸಬೇಕು. ಗೆದ್ದಾಗ ಹೆಸರು ಆಟಗಾರರಿಗೆ, ಸೋತಾಗ ಹೊಣೆ ತನಗೆ ಎಂಬುದು ಅವರ ನಡೆ ಎಂದು ಅವರ ಕೈಕೆಳಗೆ ಆಡಿದವರು ನೆನೆಯುತ್ತಾರೆ. ಹ್ಯೂಬರ್ಟ್ ಡೇವಿಸ್ ಕೂಡ ಅವರ ಶಿಷ್ಯರೇ.

ಈ ಪರಂಪರೆಯ ಬೇರು ಇನ್ನೂ ಹಿಂದಿದೆ; ಅದು ನಮ್ಮಂಥದೇ ಒಂದು ತರಬೇತಿ ಶಾಲೆಯಲ್ಲಿದೆ. 1891ರ ಚಳಿಗಾಲ, ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆ. ಒಳಾಂಗಣ ವ್ಯಾಯಾಮ ಎಂದರೆ ಮುಖ ಸಿಂಡರಿಸುವ 18 ಪ್ರಶಿಕ್ಷಣಾರ್ಥಿಗಳ ಒಂದು ತರಗತಿ. ಇಬ್ಬರು ಅಧ್ಯಾಪಕರು ಅವರನ್ನು ಸಂಭಾಳಿಸಲಾರದೆ ಕೈಬಿಟ್ಟಿದ್ದರು. ಮೂರನೆಯವರಾಗಿ ಬಂದ ಜೇಮ್ಸ್ ನೈಸ್ಮಿತ್, ದೋಷ ಇರುವುದು ಹುಡುಗರಲ್ಲಲ್ಲ, ಅವರಿಗೆ ಕೊಡುತ್ತಿರುವ ವ್ಯಾಯಾಮಕ್ರಮದಲ್ಲಿ ಎಂಬ ನಿಲುವಿನವರು. ಅವರು ಪಾಠವನ್ನೇ ಬದಲಿಸಿದರು: ಎತ್ತರಕ್ಕೆ ಎರಡು ಹಣ್ಣಿನ ಬುಟ್ಟಿ ಕಟ್ಟಿಸಿ 13 ನಿಯಮ ಬರೆದರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ನೈಸ್ಮಿತ್ ಮುಂದೆ ಕನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಶಿಷ್ಯ ಫಾಗ್ ಆಲೆನ್, ಆಲೆನ್‌ರ ಶಿಷ್ಯ ಡೀನ್ ಸ್ಮಿತ್. ‘ಹುಡುಗರು ಸರಿಯಿಲ್ಲ’ ಎಂದು ಮೂರನೆಯವರೂ ಬರೆದು ಕೈತೊಳೆದುಕೊಂಡಿದ್ದರೆ ಈ ಆಟವೇ ಇರುತ್ತಿರಲಿಲ್ಲ.

ಡ್ಯೂಕ್ ವಿರುದ್ಧದ ಗೆಲುವಿನ ಎರಡೇ ದಿನಕ್ಕೆ ಫೈನಲ್ ಬಂತು. ಎದುರಾಳಿ ಅದೇ ಕನ್ಸಾಸ್. ಅರ್ಧ ಆಟಕ್ಕೆ ನಾರ್ತ್ ಕ್ಯಾರೊಲೈನಾ 40–25ರಿಂದ ಮುಂದಿತ್ತು. ಮುಗಿಯುವಾಗ 69–72ರಿಂದ ಸೋತಿತ್ತು. ಅಳಿಯನಿಂದ ಸಂದೇಶ ಬಂದದ್ದು ತುಸು ತಡವಾಗಿ: ‘ಸೋತ್ವಿ ಮಾವ. ಎರಡನೇ ಅರ್ಧದಲ್ಲಿ ಅವರನ್ನು ತಡೆಯೋಕೆ ಆಗಲಿಲ್ಲ.’ ಭಾನುವಾರದ ಅವನ ‘ಗೆದ್ವಿ’ಗೆ ಬೆಲೆ ಬಂದದ್ದು ನನ್ನ ಪಾಲಿಗೆ ಆಗ. ಸೋಲಿನಲ್ಲೂ ಪಾಲು ಕೇಳಿದವನಿಗೆ ಗೆಲುವಿನಲ್ಲಿ ಪಾಲಿದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. ಅರವತ್ತು ಮಕ್ಕಳ ತರಗತಿ, ಕೂಲಿಗೆ ಹೋಗುವ ಮಗು, ಹಿಂದಿನ ತರಗತಿಗಳಲ್ಲಿ ಬಿಟ್ಟುಹೋದ ಓದು. ಇಷ್ಟೆಲ್ಲದರ ಹೊಣೆಯನ್ನು ನಾಲ್ಕು ವಾರಕ್ಕೆ ಬಂದ ಪ್ರಶಿಕ್ಷಣಾರ್ಥಿಯ ತಲೆಗೆ ಕಟ್ಟುವುದೇ? ಖಂಡಿತ ಬೇಡ. ನಾನು ಕೇಳುತ್ತಿರುವುದು ‘ಸೋತೆ’ ಎಂಬ ಮಾತನ್ನಲ್ಲ, ‘ಸೋತೆವು’ ಎಂಬುದನ್ನು. ‘ಸೋತೆ’ ಎಂದವರು ಒಬ್ಬರೇ ಕುಸಿಯುತ್ತಾರೆ, ‘ಸೋತರು’ ಎಂದವರು ಎದ್ದು ಹೋಗುತ್ತಾರೆ. ‘ಸೋತೆವು’ ಎಂದವರು ಮಾತ್ರ ನಾಳೆಯೂ ಅದೇ ತರಗತಿಗೆ ಬಂದು, ಎಲ್ಲಿ ಎಡವಿದೆವು ಎಂದು ಮಕ್ಕಳ ಜೊತೆ ಹುಡುಕಬಲ್ಲರು. ಆ ಬಹುವಚನದಲ್ಲಿ ಮಕ್ಕಳಿದ್ದಾರೆ, ಪ್ರಶಿಕ್ಷಣಾರ್ಥಿ ಇದ್ದಾರೆ, ಹಿಂದಿನ ಬೆಂಚಿನಲ್ಲಿ ಕೂತ ನಾವೂ ಇದ್ದೇವೆ. ‘ಈ ವರ್ಷದ ಬ್ಯಾಚೇ ಸರಿಯಿಲ್ಲ’ ಎನ್ನುವ ಬೋಧಕರು ಪ್ರತಿಕೃತಿ ಕಟ್ಟುವವರ ಸಾಲಿಗೇ ಸೇರುತ್ತಾರೆ.

ಹಾಗಾಗಿ ಮುಂದಿನ ಬೋಧನಾಭ್ಯಾಸಕ್ಕೆ ಎರಡು ಸಣ್ಣ ಸಲಹೆ. ಪಾಠ ಎಡವಿದ ದಿನ ಟಿಪ್ಪಣಿಯ ಒಂದು ವಾಕ್ಯವಾದರೂ ‘ಎವು’ ಎಂದು ಮುಗಿಯಲಿ, ಅದರ ಬೆನ್ನಿಗೇ ವಿವರ ಬರಲಿ: ‘ಛೇದ ಬೇರೆಯಾದ ಭಿನ್ನರಾಶಿ ಕೂಡುವಲ್ಲಿ ಸಿಕ್ಕಿಕೊಂಡೆವು. ಎರಡೇ ಉದಾಹರಣೆಗೆ ಮುಂದೆ ಹೋದೆ. ಹನ್ನೆರಡು ಮಕ್ಕಳು ಛೇದಗಳನ್ನೂ ಕೂಡಿದರು.’ ಇಷ್ಟು ಬರೆದವರಿಗೆ ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಪಾಠ ಫಲಿಸಿದ ದಿನ, ಚೆಂಡು ಪಾಸ್ ಮಾಡಿದವರತ್ತ ಬೆರಳು ತೋರಿಸಿ: ಮಗ್ಗಿ ಗಟ್ಟಿ ಮಾಡಿಸಿದ್ದ ತರಗತಿ ಶಿಕ್ಷಕಿ, ಮೂರನೇ ಬೆಂಚಿನಿಂದ ಬಂದ ಒಂದು ಪ್ರಶ್ನೆ, ಚಾರ್ಟ್ ಬರೆದುಕೊಟ್ಟ ಗೆಳೆಯ. ಮೇಲ್ವಿಚಾರಕರಾದ ನಮ್ಮ ಷರಾಕ್ಕೂ ಇದೇ ನಿಯಮ ಇರಲಿ. ಪ್ರಶಿಕ್ಷಣಾರ್ಥಿ ಎಡವಿದಲ್ಲಿ, ನಾವು ಕಾಲೇಜಿನಲ್ಲಿ ಏನು ಕಲಿಸದೆ ಕಳಿಸಿದೆವು ಎಂಬ ಒಂದು ಸಾಲು ನಮ್ಮ ಕೈಬರಹದಲ್ಲೂ ಬರಲಿ.