ಮತ್ತೊಮ್ಮೆ ಬರೆಯುವ ಪ್ರಶ್ನೆ

ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, ಸರ್ಕಾರಿ ಸೀಟು ದೊರೆಯದೆಂಬುದು ನಿಶ್ಚಿತವಾದ ಮೇಲೆ, ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆ ಎಷ್ಟು ಅಂಕ ಕಡಮೆಯಾಯಿತೆಂಬುದು. ಮತ್ತೊಂದು ವರ್ಷದ ಲಾಂಗ್ ಟರ್ಮ್ ತರಬೇತಿಗೆ ಸೇರಿಸೋಣವೆ ಎಂಬುದು ಎರಡನೆಯದು. ಇವೆರಡರ ನಡುವೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ, ಆ ಅಂಕಗಳು ಹೋದದ್ದು ಹೇಗೆ ಎಂಬುದು, ಬಹುಮಟ್ಟಿಗೆ ಕೇಳದೆಯೇ ಉಳಿದುಬಿಡುತ್ತದೆ. ತಾರುಣ್ಯದ ಒಂದು ಇಡೀ ವರ್ಷವನ್ನು ಮತ್ತೆ ಅದೇ ಪರೀಕ್ಷೆಗೆ ಒಪ್ಪಿಸಬೇಕೆ ಬೇಡವೆ ಎಂಬುದರ ನಿರ್ಣಯಕ್ಕೆ ಆಧಾರ ಅದರಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ.

ಪರೀಕ್ಷೆ ನಡೆಸುವ ಸಂಸ್ಥೆಯು ಅಭ್ಯರ್ಥಿಯ ಓಎಂಆರ್ ಹಾಳೆಯ ಪ್ರತಿಯನ್ನೂ ಕೀ ಉತ್ತರಗಳನ್ನೂ ಅವರವರಿಗೆ ಒದಗಿಸುತ್ತದೆ. ಅವನ್ನು ಎದುರಿಗಿಟ್ಟುಕೊಂಡು ಒಂದು ಸಂಜೆ ಶಾಂತವಾಗಿ ಕುಳಿತರೆ ತಿಳಿದುಬರುವಷ್ಟನ್ನು ಯಾವ ರ‍್ಯಾಂಕ್ ಪಟ್ಟಿಯೂ ತಿಳಿಸಲಾರದು. 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಅರಿಯದ ಪ್ರಶ್ನೆಗಳಿಗೆ ಬರಿಯ ಊಹೆಯಿಂದ ಗುರುತು ಹಾಕಿ 40 ತಪ್ಪು ಮಾಡಿದವಳು, ಸುಮ್ಮನೆ ಬಿಟ್ಟಿದ್ದರೆ ತನ್ನಲ್ಲೇ ಉಳಿಯುತ್ತಿದ್ದ 40 ಅಂಕಗಳನ್ನು ತೆತ್ತಂತಾಯಿತು. ಬಲ್ಲ ಸೂತ್ರವನ್ನೇ ಅವಸರದಲ್ಲಿ ತಪ್ಪಾಗಿ ಬಳಸಿದವಳ ನಷ್ಟವೂ, ಜೀವಶಾಸ್ತ್ರದಲ್ಲಿ ಹೆಚ್ಚು ಹೊತ್ತು ನಿಂತು ಭೌತಶಾಸ್ತ್ರವನ್ನು ಮುಟ್ಟಲಾಗದೆಹೋದವಳ ನಷ್ಟವೂ ಇದೇ ಜಾತಿಯವು. ಇವು ಅಭ್ಯಾಸಬಲದಿಂದ ತಿದ್ದಿಕೊಳ್ಳಬಹುದಾದ ದೋಷಗಳು, ಇಂಥವರಿಗೆ ಇನ್ನೊಂದು ವರ್ಷ ಸಾರ್ಥಕವಾದೀತು. ಆದರೆ ಎರಡು ವರ್ಷ ಶ್ರದ್ಧೆಯಿಂದ ಓದಿಯೂ ಭೌತಶಾಸ್ತ್ರದ ಮೂಲಭಾವನೆಗಳೇ ಮನಸ್ಸಿಗೆ ಹತ್ತದವಳನ್ನು, ಅದೇ ಪಾಠವನ್ನು ಅದೇ ವೇಗದಲ್ಲಿ ಮತ್ತೆ ಒಪ್ಪಿಸುವ ಹಾಸ್ಟೆಲಿಗೆ ಕಳುಹಿಸುವುದರಿಂದ ಏನು ಬದಲಾದೀತೆಂದು ಹಣ ಕಟ್ಟುವ ಮೊದಲೇ ಯೋಚಿಸಬೇಕು.

ಇನ್ನು, ಇಷ್ಟೇ ಅಂಕ ಕಡಮೆ, ಮುಂದಿನ ಸಲ ತುಂಬಿಕೊಂಡರಾಯಿತು ಎಂಬ ಲೆಕ್ಕ ಅಷ್ಟೇನೂ ಭದ್ರವಾದದ್ದಲ್ಲ. 2024ರಲ್ಲಿ ಪರಿಷ್ಕೃತ ಫಲಿತಾಂಶದ ತರುವಾಯವೂ 17 ಮಂದಿ ಪೂರ್ಣಾಂಕ ಪಡೆದಿದ್ದರು. 2025ರಲ್ಲಿ ಪ್ರಥಮಸ್ಥಾನಿಗೆ ಬಂದದ್ದೇ 686. ಅಂಕಗಳ ಮಟ್ಟ ಹೀಗೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ, ಒಂದು ವರ್ಷ ಬಾಗಿಲಿನ ಹೊರಗೆ ನಿಲ್ಲಿಸಿದ ಅಂಕವೇ ಮರುವರ್ಷ ಒಳಗೆ ಕರೆದೊಯ್ಯುವುದುಂಟು. ಅದರ ವಿಪರ್ಯಾಸವೂ ಉಂಟು.

ಐಐಟಿಗಳಿಗೆ ಪ್ರವೇಶ ಕೊಡಿಸುವ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಗೆ ಎರಡು ಅನುಕ್ರಮ ವರ್ಷಗಳಲ್ಲಿ ಎರಡೇ ಅವಕಾಶವೆಂಬ ಕಟ್ಟಳೆಯಿದೆ. ನೀಟ್‌ಗೆ ಅಂಥ ಮಿತಿಯಿಲ್ಲ. ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದುಹಾಕಿದರು. ಅವಕಾಶಗಳ ಈ ಔದಾರ್ಯ ಬಡವರ ಮನೆಯ, ಹಳ್ಳಿಯ ಶಾಲೆಯಿಂದ ತಡವಾಗಿ ದಾರಿ ಕಂಡುಕೊಂಡ ಮಕ್ಕಳಿಗೆ ನಿಜವಾಗಿಯೂ ಉಪಕಾರವೇ ಆಗಿದೆ, ಅದನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ನಿಯಮವು ಎಲ್ಲಿಯೂ ನಿಲ್ಲೆನ್ನದಿರುವಾಗ ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯವರೇ, ಅದೂ ಆರಂಭಕ್ಕೆ ಮುನ್ನವೇ, ಮಗುವಿನೊಡನೆ ಕುಳಿತು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಮೂರನೆಯ, ನಾಲ್ಕನೆಯ ಪ್ರಯತ್ನಕ್ಕೆ ಹೊರಟವರಲ್ಲಿ ಎಷ್ಟೋ ಮಂದಿಯನ್ನು ವೈದ್ಯವೃತ್ತಿಯ ಮೇಲಣ ಒಲವಿಗಿಂತ, ಕಳೆದ ವರ್ಷಗಳು ವ್ಯರ್ಥವಾದಾವೆಂಬ ಭಯವೇ ನಡೆಸುತ್ತಿರುತ್ತದೆ.

ಈ ನಿರ್ಣಯ ದುಃಖ ಇನ್ನೂ ಹಸಿಯಾಗಿರುವಾಗಲೇ ಆಗಬೇಕಾಗಿರುವುದು ನಮ್ಮ ಮಕ್ಕಳ ದೌರ್ಭಾಗ್ಯ. ಕೃಷಿವಿಜ್ಞಾನವೋ ಆಯುರ್ವೇದವೋ ಕೈಗೆ ಬಂದ ಸೀಟನ್ನು ಒಪ್ಪಿಕೊಳ್ಳುವ ಗಡುವು ಕೌನ್ಸೆಲಿಂಗಿನ ಆ ದಿನಗಳಲ್ಲಿಯೇ ಬಂದು ನಿಲ್ಲುತ್ತದೆ. ಆ ಕೆಲವು ದಿನಗಳ ಮಟ್ಟಿಗಾದರೂ ಮಗಳನ್ನು ಅವಳ ಪಾಡಿಗೆ ಯೋಚಿಸಲು ಬಿಟ್ಟು, ರ‍್ಯಾಂಕ್ ಎಷ್ಟು ಬಂತೆಂದು ವಿಚಾರಿಸುವ ನೆಂಟರಿಷ್ಟರ ಫೋನಿಗೆ ಉತ್ತರ ಹೇಳುವ ಹೊಣೆಯನ್ನು ತಂದೆತಾಯಿಗಳು ತಾವೇ ಹೊತ್ತುಕೊಳ್ಳಲಿ.